ತಾತನ ಕುರ್ಚಿ ಮತ್ತು ನ್ಯೂಟ್ರಲ್ ಆಕ್ಸಿಸ್

ಲಷ್ಕರ್ ಮೊಹಲ್ಲಾದ ತಾತನ ಮನೆಯಲ್ಲಿ ಒಂದು ಹಳೇ ಕುರ್ಚಿ ಇದೆ. ಬೆನ್ನು ಮತ್ತು ಹಿಂದಿನ ಎರಡು ಕಾಲು ಸೇರಿ ಒಂದೇ ಕೋಲು, ಮೇಲೆ ದುಂಡಗೆ ಬಾಗಿದೆ. ಸೀಟಿಗೆ ಬೆತ್ತದ ಹೆಣಿಗೆ. ತಾತ ಹೋದ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಈ ರಜೆಯಲ್ಲಿ ನೋಡಿದರೆ ಬೆನ್ನಿನ ಒಳಗಿನ ಸಣ್ಣ ಕಮಾನು ಮುರಿದಿತ್ತು. "ಗುಜರಿಗೆ ಹಾಕೋಣ" ಅಂದ್ರು ಅಪ್ಪ. ಅಜ್ಜಿ ಏನೂ ಹೇಳದೆ ಒಳಗೆ ಹೋದ್ರು. ನಾನು "ರಿಪೇರಿ ಮಾಡ್ತೀನಿ" ಅಂದುಬಿಟ್ಟೆ.

ಈ ಜಾತಿಯ ಕುರ್ಚಿಗೆ ಹೆಸರು ತಂದದ್ದು ಮೈಕೇಲ್ ಥೋನೆಟ್. 1859ರ ಅವರ 14ನೇ ನಂಬರ್ ಕುರ್ಚಿಯಲ್ಲಿ ಇದ್ದದ್ದು 6 ಮರದ ಭಾಗ, 10 ಸ್ಕ್ರೂ, 2 ನಟ್ ಅಷ್ಟೆ. ಬಿಚ್ಚಿಟ್ಟರೆ 1 ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಮುಂಬೈನ ಇರಾನಿ ಕೆಫೆಗಳಲ್ಲಿ ಇರೋದೂ ಇದೇ ಬಗೆಯವು.

ಹಲಗೆಯಿಂದಲೇ ಕಮಾನು ಕೊಯ್ಯಬಹುದಲ್ಲ? ಕೊಯ್ದರೆ ತಿರುವಿನಲ್ಲಿ ಮರದ ಎಳೆ ತುಂಡಾಗುತ್ತದೆ, ಅಲ್ಲೇ ಮುರಿಯುತ್ತದೆ. ಬಾಗಿಸಿದರೆ ಎಳೆ ತಿರುವಿನ ಜೊತೆಗೇ ಹೋಗುತ್ತದೆ.

ನಾನು 12 ಮಿಮೀ ದಪ್ಪದ, ಗಂಟಿಲ್ಲದ ಕೋಲನ್ನು ಅರ್ಧ ಗಂಟೆ ಆವಿಯಲ್ಲಿಟ್ಟು (25 ಮಿಮೀಗೆ 1 ಗಂಟೆ ಅನ್ನೋದು ರೂಢಿ ಲೆಕ್ಕ) ಅಚ್ಚಿಗೆ ಬಾಗಿಸಿದೆ. ಚಟ್ ಅಂತ ಹೊರಮೈ ಸೀಳಿತು. ಹತ್ತಿರದ ಮರಗೆಲಸದ ಮೇಸ್ತ್ರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: "ಹೊರಗಡೆ ಪಟ್ಟಿ ಕಟ್ಟಿದ್ಯಾ?"

ಈಗ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿಸಿಕೊಳ್ಳಿ. ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ನ್ಯೂಟ್ರಲ್ ಆಕ್ಸಿಸ್. ಬಿಸಿ ಆವಿಗೆ ಲಿಗ್ನಿನ್ ಮೆತ್ತಗಾಗುತ್ತದೆ. ಆಗ ಬಾಗಿಸಲು ಒಗ್ಗುವ ಮರ ತನ್ನ ಉದ್ದದ ಕಾಲು ಭಾಗದವರೆಗೂ ಕುಗ್ಗಬಲ್ಲದು, ಆದರೆ ಹಿಗ್ಗೋದು ಶೇಕಡಾ 1-2 ಮಾತ್ರ! ನನ್ನ ಕಮಾನಿನ ತ್ರಿಜ್ಯ 150 ಮಿಮೀ. ಹೊರಮೈ ಸ್ಟ್ರೇನ್ 6/150, ಅಂದರೆ ಶೇಕಡಾ 4. ಸೀಳದೆ ಇರುತ್ತಾ?

ಥೋನೆಟ್ ಉಪಾಯ ಇಲ್ಲಿದೆ. ಹೊರಮೈಗೆ ಉಕ್ಕಿನ ಪಟ್ಟಿ ಹಾಕಿ, ಕೋಲಿನ ಎರಡೂ ತುದಿ ಅಲುಗಾಡದಂತೆ ಬಿಗಿ ಮಾಡೋದು. ಎಳೆತವನ್ನು ಪಟ್ಟಿ ಹೊರುತ್ತದೆ, ನ್ಯೂಟ್ರಲ್ ಆಕ್ಸಿಸ್ ಹೊರಮೈಗೆ ಸರಿಯುತ್ತದೆ. ಮರ ಹೆಚ್ಚುಕಡಿಮೆ ಪೂರ್ತಿ ಕುಗ್ಗುತ್ತದೆ. ಒಳಮೈ ಸ್ಟ್ರೇನ್ ಸುಮಾರು ಶೇಕಡಾ 8. ಅದನ್ನ ಮರ ತಡೆಯುತ್ತೆ.

ಎರಡನೇ ಕೋಲು ಸೀಳಲಿಲ್ಲ, ಆದರೆ ಆತುರಕ್ಕೆ ಮಾರನೇ ದಿನವೇ ಅಚ್ಚಿನಿಂದ ತೆಗೆದೆ, ಅರ್ಧ ನೆಟ್ಟಗಾಯ್ತು. ಮೂರನೇದನ್ನು ಒಂದು ವಾರ ಒಣಗಲು ಬಿಟ್ಟೆ. ಅದು ನಿಂತಿತು.

ಹೊಸ ಕಮಾನಿನ ಬಣ್ಣ ಹಳೇದಕ್ಕೆ ಹೊಂದಿಲ್ಲ. ಅಜ್ಜಿ ಈಗ ಸಂಜೆ ಅದರಲ್ಲೇ ಕೂತು ಹೂ ಕಟ್ಟುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಕುರ್ಚಿ ಇದ್ದರೆ, ಗುಜರಿಗೆ ಹಾಕೋ ಮುಂಚೆ ತಿರುವಿನಲ್ಲಿ ಮರದ ಎಳೆ ಹೇಗೆ ಹೋಗಿದೆ ಅಂತ ಒಮ್ಮೆ ನೋಡಿ.