ನಾಯಿಯ ಕೆಮ್ಮಿಗೆ ಧೂಳನ್ನಷ್ಟೇ ದೂರಬೇಡಿ

ಕೊಡ್ಲಿ, ಸೇಡಂ, ವಾಡಿ, ಶಹಾಬಾದ ಕಡೆ ಹೊಲದ ನಾಯಿ ಕೆಮ್ಮತೊಡಗಿದರೆ ಬೈಗುಳ ಮೊದಲು ಬೀಳುವುದು ಸಿಮೆಂಟ್ ಧೂಳಿಗೆ, ಇಲ್ಲವೇ ತೊಗರಿ ರಾಶಿಯ ಹೊಟ್ಟಿಗೆ. ಧೂಳು ಗಂಟಲು ಕೆರಳಿಸುತ್ತದೆ, ಸುಳ್ಳಲ್ಲ. ಆದರೆ ಧೂಳೊಂದೇ ಕಾರಣವಾಗಿದ್ದರೆ ಓಣಿಯ ನಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕೆಮ್ಮಬೇಕು, ಧೂಳು ಅಡಗಿದಾಗ ಕೆಮ್ಮೂ ಅಡಗಬೇಕು. ಇವತ್ತು ಒಂದು, ನಾಲ್ಕೈದು ದಿನಕ್ಕೆ ಅದರ ಜೊತೆ ನೀರು ಕುಡಿದ ಇನ್ನೊಂದು, ವಾರದ ಮೇಲೆ ಪಕ್ಕದ ಹೊಲದ್ದು ಎಂದು ಸಾಲಾಗಿ ಹತ್ತಿದರೆ ಅದು ಅಂಟುರೋಗದ ನಡೆ. ಪಶುವೈದ್ಯರು ಕೆನೆಲ್ ಕಾಫ್ ಎನ್ನುವುದು ಇದನ್ನೇ. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ, ಅಡೆನೋ ವೈರಸ್ ಮುಂತಾದವು ಒಂಟಿಯಾಗಿಯೋ ಕೂಡಿಯೋ ಶ್ವಾಸನಾಳದ ಒಳಪದರವನ್ನು ಕೆಡಿಸುತ್ತವೆ. ಕೆಮ್ಮಿನ ಹನಿ, ಮೂತಿಗೆ ಮೂತಿ ತಾಗಿಸಿ ಮೂಸುವುದು, ಒಂದೇ ಬೋಗುಣಿ, ಹರಡಲು ಇಷ್ಟು ಸಾಕು. ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 2ರಿಂದ 14 ದಿನದೊಳಗೆ ಒಣಕೆಮ್ಮು ಶುರುವಾಗುತ್ತದೆ.

'ಎರಡು ವಾರಕ್ಕೆ ತಾನೇ ಹೋಗುತ್ತದಲ್ಲ, ದವಾಖಾನೆ ಯಾಕೆ?' ಎನ್ನುವವರಿದ್ದಾರೆ. ಗಟ್ಟಿಮುಟ್ಟಾದ ನಾಯಿಗೆ ಆ ಮಾತು ಬಹುಪಾಲು ನಿಜ. ಎಳೆ ಮರಿ, ಮುದಿ ನಾಯಿಗಳಲ್ಲಿ ಮಾತ್ರ ಕೆಮ್ಮು ನ್ಯುಮೋನಿಯಾಕ್ಕೆ ತಿರುಗಬಹುದು. ಇನ್ನೂ ದೊಡ್ಡ ತೊಡಕೆಂದರೆ ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗ ಕೂಡ ಕೆಮ್ಮಿನಿಂದಲೇ ಶುರುವಾಗಬಹುದು. ಜ್ವರ, ಕಣ್ಣು ಮೂಗಿನಲ್ಲಿ ಗಟ್ಟಿ ಸೋರಿಕೆ, ಭೇದಿ, ಮೈ ಅದುರುವುದು ಕಂಡರೆ ಕಾಯುತ್ತ ಕೂಡಬಾರದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವ ರೂಢಿಯಂತೂ ಬೇಡವೇ ಬೇಡ: ಹುಚ್ಚುನಾಯಿ ರೋಗದಲ್ಲೂ ಗಂಟಲು ಕಟ್ಟಿದಂತೆಯೇ ಕಾಣುತ್ತದೆ. ಮನೆಯವರ ನೋವಿನ ಗುಳಿಗೆಯನ್ನೂ ಕೊಡಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ.

ಕೆಮ್ಮುವ ನಾಯಿಯನ್ನು ಉಳಿದವುಗಳಿಂದ ದೂರ ಕಟ್ಟಬೇಕು. ಹಂದಿಯಿಂದ ಹೊಲ ಕಾಯುವ ನಾಯಿಯನ್ನು ಬೆಳೆ ನಿಂತಾಗ ಕಟ್ಟಿಹಾಕುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಟ್ಟದೆ ಬಿಟ್ಟರೆ ಕಾಯುವ ನಾಯಿಗಳೆಲ್ಲ ಒಂದರ ಹಿಂದೊಂದು ಮಲಗುತ್ತವೆ, ನಷ್ಟ ಅದರಲ್ಲೇ ಹೆಚ್ಚು. ಕೆಮ್ಮು ನಿಂತ ಮೇಲೂ ಕೆಲವು ವಾರ ಸೋಂಕು ಹರಡಬಹುದಾದ್ದರಿಂದ ಆ ನಾಯಿಯ ನೀರು, ಕೂಳು ಬೇರೆಯೇ ಇರಲಿ. ಕೊರಳಪಟ್ಟಿಗೆ ಹಗ್ಗ ಹಾಕಿ ಜಗ್ಗಿದರೆ ಕೆಮ್ಮು ಕೆರಳುತ್ತದೆ, ಎದೆಗೆ ಸುತ್ತಿ ಕಟ್ಟುವುದು ಲೇಸು. ನಾಯಿಗಳಿಗೆ ಹಾಕಿಸುವ ಸಂಯುಕ್ತ ಲಸಿಕೆ ಡಿಸ್ಟೆಂಪರ್, ಅಡೆನೋ, ಪ್ಯಾರಾಇನ್‌ಫ್ಲುಯೆಂಜಾಗಳನ್ನು ತಡೆಯುತ್ತದೆ. ಬೋರ್ಡೆಟೆಲ್ಲಾಗೆ ಬೇರೆಯದೇ ಲಸಿಕೆ. ಚಿಂಚೋಳಿ ವನ್ಯಜೀವಿಧಾಮದ ಅಂಚಿನ ರೈತರಿಗೆ ಡಿಸ್ಟೆಂಪರ್ ತಡೆಯುವ ಲಸಿಕೆ ಇನ್ನೂ ಮುಖ್ಯ. ಡಿಸ್ಟೆಂಪರ್ ತೋಳ, ನರಿಗಳಿಗೂ ತಗಲುತ್ತದೆ. 2018ರಲ್ಲಿ ಗಿರ್‌ನ ಸಿಂಹಗಳೂ ಅದಕ್ಕೆ ಬಲಿಯಾದವು. ನಾಯಿ ಕೂಳು ಬಿಟ್ಟರೆ, ಏದುಸಿರು ಬಿಟ್ಟರೆ ಸಮೀಪದ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿ.