ಮಾತಾಡುವ ರೋಬಾಟ್ ಕಾರು ಕೊಡಿಸಬಹುದೇ?

ಮೂರೂವರೆ ವರ್ಷದ ಮಗ, ರೋಬಾಟ್ ಆಗಿ ಬದಲಾಗುವ ಮಾತಿನ ಕಾರೇ ಬೇಕೆಂದು ಹಟ ಹಿಡಿದಿದ್ದಾನೆ ಎಂದು ಬರೆದಿದ್ದೀರಿ. ಖಂಡಿತ ಕೊಡಿಸಬಹುದು. ಆದರೆ ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ ನೋಡಿ.

ಮೊದಲು ಕೀಲುಗಳು. ಕಾರಿನ ಬಾಗಿಲು ತೋಳಾಗುವ ಸಂದಿಯ ಹತ್ತಿರ ನಿಮ್ಮ ಕಿರುಬೆರಳಿಟ್ಟು ನಿಧಾನವಾಗಿ ಮಡಚಿ. ನಿಮಗೇ ಚುರುಕ್ಕೆಂದರೆ ಮಗುವಿನ ಎಳೆ ಬೆರಳಿನ ಗತಿಯೇನು? ಮೂರ್ನಾಲ್ಕು ತಿರುವುಗಳಲ್ಲಿ ರೂಪ ಬದಲಾಗಬೇಕು. ಹದಿನೈದು ತಿರುವುಗಳಿದ್ದರೆ ಪ್ರತಿ ಸಲವೂ "ಅಮ್ಮಾ, ನೀನೇ ಮಾಡಿಕೊಡು" ಎಂದು ಬರುತ್ತಾನೆ. ಆಟ ಅವನದಾಗಿ ಉಳಿಯುವುದಿಲ್ಲ.

ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಗುಂಡಿಯಂಥ ಪುಟ್ಟ ಸೆಲ್ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ನಮ್ಮಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು 2021ರ ಜನವರಿ 1ರಿಂದ ಕಡ್ಡಾಯ. ಅದಿಲ್ಲದ್ದನ್ನು ಅಗ್ಗವೆಂದು ತರಬೇಡಿ.

ಇನ್ನು ಮಾತು. ನನ್ನ ನಿಜವಾದ ಕಾಳಜಿ ಇದೇ. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಎದುರಿಗಿದ್ದಾಗ ತಂದೆತಾಯಿ ಮಗುವಿನೊಡನೆ ಆಡುವ ಮಾತೇ ಕಡಿಮೆಯಾಗುತ್ತದೆ ಎಂದು ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದು 10ರಿಂದ 16 ತಿಂಗಳ ಕೂಸುಗಳ ಕುರಿತದ್ದು, ನಿಜ. ಆದರೂ ನಿಮ್ಮ ಮಗನಿಗೆ ಆಟಿಕೆಯ ನಾಲ್ಕು ವಾಕ್ಯಗಳಿಗಿಂತ ನಿಮ್ಮ "ಎಲ್ಲಿಗೆ ಹೊರಟಿತಪ್ಪಾ ಗಾಡಿ?" ಎಂಬ ಪ್ರಶ್ನೆಯೇ ದೊಡ್ಡದು.

ಆದ್ದರಿಂದ ಧ್ವನಿ ಪೂರ್ತಿ ಆರಿಸುವ ಸ್ವಿಚ್ ಇರುವುದನ್ನೇ ಆರಿಸಿಕೊಳ್ಳಿ. ಮನೆಗೆ ತಂದ ಮೊದಲ ದಿನ ಹತ್ತು ನಿಮಿಷ ಅವನ ಪಕ್ಕ ನೆಲದ ಮೇಲೆ ಕುಳಿತುಕೊಳ್ಳಿ.