ರೋಸಿನಿಂದ ಕೆಳಗಿಳಿಯುವ ವೈರು

ಮೈಸೂರಿನ ಮನೆಗಳಲ್ಲಿ ವೈರಿಂಗ್ ಮಾಡಿಸುವುದು ನನ್ನ ಕಸುಬು. ಈಚೆಗೆ ತೂಗುದೀಪ ಹಾಕಿಕೊಡಿ ಎಂಬ ಕರೆಗಳೇ ಹೆಚ್ಚು. ಊಟದ ಮೇಜಿನ ಮೇಲೆ ನೇತುಹಾಕಲು ಚೆಂದದ ದೀಪ ತರಿಸಿರುತ್ತಾರೆ. ಅದಕ್ಕೆ ಬಟ್ಟೆ ಹೆಣೆದ ಉದ್ದನೆಯ ವೈರು, ತುದಿಗೆ ಎರಡು ಪಿನ್ನಿನ ಪ್ಲಗ್. ‘ಪ್ಲಗ್ ಕತ್ತರಿಸಿ, ಫಾಲ್ಸ್ ಸೀಲಿಂಗ್ ಮೇಲಿಂದ ವೈರು ಎಳೆದು ಸ್ವಿಚ್ ಬೋರ್ಡಿಗೆ ಕೊಟ್ಟುಬಿಡಿ ಸಾರ್, ಕಣ್ಣಿಗೆ ಕಾಣಬಾರದು ಅಷ್ಟೆ’ ಅನ್ನುತ್ತಾರೆ. ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ಆ ವೈರು ಕಣ್ಣೆದುರು ಬಯಲಲ್ಲಿ ತೂಗಾಡಲೆಂದೇ ಮಾಡಿದ್ದು. ಸೀಲಿಂಗ್ ಒಳಗೆ ಅಡಗಿಸಿದರೆ ಇಲಿ ಕಡಿದರೂ, ಚೌಕಟ್ಟಿನ ತಗಡಿಗೆ ಉಜ್ಜಿ ಸವೆದರೂ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ವೈರಿಂಗ್ ಸಂಹಿತೆಯ ಮಾತೂ ಇದೇ: ಇಂಥ ಬಳುಕುವ ವೈರು ಕಾಯಂ ವೈರಿಂಗಿನ ಜಾಗಕ್ಕೆ ಬರಕೂಡದು, ಗೋಡೆ ಅಥವಾ ಸೀಲಿಂಗಿನ ತೂತಿನ ಮೂಲಕ ಹಾಯಕೂಡದು. ಹಾಗಾಗಿ ದೀಪ ತೂಗಬೇಕಾದ ಜಾಗದವರೆಗೆ ಪೈಪಿನಲ್ಲಿ 1.5 ಚದರ ಮಿಲಿಮೀಟರಿನ ವೈರು ಎಳೆದು, ಅಲ್ಲಿ ಬಾಕ್ಸ್ ಕೂರಿಸಿ, ದೀಪದ ವೈರನ್ನು ಜೋಡಿಸುವ ಸೀಲಿಂಗ್ ರೋಸ್ ಹಾಕುತ್ತೇನೆ. ದೀಪದ ವೈರು ರೋಸಿನಿಂದ ಕೆಳಕ್ಕೆ ಮಾತ್ರ. ಒಂದು ರೋಸಿಗೆ ಒಂದೇ ದೀಪ. ಇದಕ್ಕೆಲ್ಲ ಖರ್ಚು ಬೇಡ ಅನ್ನುವವರಿಗೆ, ಪ್ಲಗ್ ಕತ್ತರಿಸದೆ, ಕೊಕ್ಕೆಗೆ ತೂಗುಹಾಕಿ, ವೈರು ಕಾಣುವಂತೆಯೇ ಹತ್ತಿರದ ಸಾಕೆಟ್ಟಿಗೆ ಚುಚ್ಚಿಕೊಳ್ಳಿ ಎಂದು ಹೇಳುತ್ತೇನೆ. ನೋಡಲು ಅಷ್ಟು ಅಚ್ಚುಕಟ್ಟಲ್ಲದಿದ್ದರೂ ಅದು ತಪ್ಪಲ್ಲ.

ರೋಸಿನ ಮುಚ್ಚಳ ಬಿಚ್ಚಿದಾಗ ನಾನು ಮೊದಲು ಹುಡುಕುವುದು ಗಂಟನ್ನು. ಹಳಬ ವೈರ್‌ಮನ್‌ಗಳು ವೈರಿಗೆ ಮುಚ್ಚಳದ ಒಳಗಡೆ ಒಂದು ಗಂಟು ಹಾಕಿಯೇ ಸ್ಕ್ರೂ ಬಿಗಿಯುತ್ತಿದ್ದರು. ದೀಪದ ಭಾರ ಗಂಟಿನ ಮೇಲೆ, ಗಂಟಿನ ಮೂಲಕ ಮುಚ್ಚಳದ ಮೇಲೆ ಬೀಳುತ್ತಿತ್ತು. ಟರ್ಮಿನಲ್ಲಿನ ತಾಮ್ರದ ಎಳೆಗಳಿಗೆ ಜಗ್ಗಾಟವೇ ಇರುತ್ತಿರಲಿಲ್ಲ. ಈಗಿನ ದೀಪಗಳಲ್ಲಿ ಅದೇ ಕೆಲಸಕ್ಕೆ ವೈರು ಹಿಡಿಯುವ ಪುಟ್ಟ ಕ್ಲಾಂಪ್ ಕೊಟ್ಟಿರುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಡಬ್ಬದಲ್ಲೇ ಉಳಿದಿರುವುದನ್ನು ಕಂಡಿದ್ದೇನೆ. ಫ್ಯಾನಿನ ಗಾಳಿಗೆ ದೀಪ ಓಲಾಡಿ ಸ್ಕ್ರೂ ಸಡಿಲಾಗುತ್ತದೆ, ಸಡಿಲಾದಲ್ಲಿ ಕಿಡಿ ಹಾರುತ್ತದೆ, ರೋಸ್ ಕಪ್ಪಾಗುತ್ತದೆ. ಭಾರದ ಲೆಕ್ಕಕ್ಕೆ ಬ್ರಿಟಿಷ್ ವೈರಿಂಗ್ ನಿಯಮಗಳ ಅಳತೆ ನನಗೆ ಅನುಕೂಲ: 0.75 ಚದರ ಮಿಲಿಮೀಟರಿನ ವೈರು ಹೊರಬಹುದಾದದ್ದು 3 ಕಿಲೋ. ಅದಕ್ಕಿಂತ ಭಾರದ ಹಿತ್ತಾಳೆ, ಗಾಜಿನ ದೀಪಗಳಿಗೆ ಸ್ಲ್ಯಾಬಿನ ಕೊಕ್ಕೆಯಿಂದ ಸರಪಳಿ ಬೇಕೇ ಬೇಕು. ವೈರು ಸರಪಳಿಯ ಜೊತೆಗೆ ಬಿಗಿಯಿಲ್ಲದೆ ಇಳಿಯಬೇಕು.

ಇನ್ನು ಬಣ್ಣದ ವಿಷಯ. ತರುಣ ವೈರ್‌ಮನ್‌ಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ದೀಪದ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಗೋಡೆಯೊಳಗೆ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಮೂರು ಫೇಸಿನ ಮನೆಯಲ್ಲಿ ನೀಲಿಗೆ ನೀಲಿ ಜೋಡಿಸಿದರೂ ದೀಪ ಉರಿಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಈ ದೀಪಗಳ ಹೋಲ್ಡರ್ ಹೆಚ್ಚಾಗಿ ತಿರುಗಿಸಿ ಕೂರಿಸುವಂಥದ್ದು. ಅದರಲ್ಲಿ ಫೇಸ್ ನಡುವಿನ ಬಿಂದುವಿಗೂ ನ್ಯೂಟ್ರಲ್ ಸುತ್ತಲಿನ ಮರೆಗೂ ಹೋಗಬೇಕು. ಅದಲುಬದಲಾದರೆ ಬಲ್ಬ್ ಬಿಚ್ಚುವಾಗ ಬೆರಳಿಗೆ ತಾಗುವ ಮರೆಯಲ್ಲೇ 230 ವೋಲ್ಟ್. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿನಲ್ಲಿ ಹಾಕಿದ್ದರೆ ದೀಪ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಕುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು. ಬಣ್ಣ ನಂಬದೆ ರೋಸಿನಲ್ಲೇ ಟೆಸ್ಟರ್ ಇಟ್ಟು ಫೇಸ್ ಗುರುತಿಸಿ, ಆಮೇಲೆ ಎಂಸಿಬಿ ಇಳಿಸಿ ಜೋಡಿಸಬೇಕು.

ಹಳೆಯ ದೀಪ ತೆಗೆದು ಅದೇ ಜಾಗಕ್ಕೆ ಅಂಥದೇ ದೀಪ ಹಾಕಿಕೊಳ್ಳಲು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೇ ಮನೆಯವರಿಗೆ ಅವಕಾಶವಿತ್ತು. ಹೊಸ ಪಾಯಿಂಟ್ ಎಳೆಯುವುದು ಬೇರೆ ಮಾತು, ಅದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರನೇ ಬೇಕು. ಎಳೆದ ಮೇಲೆ 500 ವೋಲ್ಟಿನ ಮೆಗ್ಗರ್ ಹಚ್ಚಿ ವೈರಿನ ಇನ್ಸುಲೇಷನ್ ಅಳೆದು, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ನಾನು ಲೈನ್ ಚಾಲೂ ಮಾಡುವುದಿಲ್ಲ.

ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮರದ ಪಟ್ಟಿಯ ಮೇಲೆ ಓಡಿದ ವೈರಿಂಗಿನಲ್ಲಿ ದೀಪದ ಪಾಯಿಂಟಿಗೆ ಬರುವುದು ಎರಡೇ ವೈರು, ಅರ್ಥ್ ಇಲ್ಲ. ಅಗ್ರಹಾರದ ಒಂದು ಮನೆಯಲ್ಲಿ ಅಜ್ಜಿ ಕಾಲದ ಹಿತ್ತಾಳೆಯ ಕವಚಕ್ಕೆ ಹೋಲ್ಡರ್ ಕೂರಿಸಿ ತೂಗಿಹಾಕಬೇಕು ಎಂದರು. ಬರಿಯ ಒಂದು ದೀಪಕ್ಕೆ ಅರ್ಥ್ ಬೇಕೇ ಎಂದು ಕೇಳಿದರು. ಒಳಗೆ ವೈರಿನ ತೊಗಲು ಸುಲಿದರೆ ಇಡೀ ಕವಚಕ್ಕೆ ಕರೆಂಟ್ ಬರುತ್ತದೆ. ಅರ್ಥ್ ಇದ್ದರೆ ಆ ಕ್ಷಣವೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬಿದ್ದು ಲೈನ್ ಕಡಿಯುತ್ತದೆ. ಇಲ್ಲದಿದ್ದರೆ ಕವಚ ಒರೆಸಲು ಕೈಯಿಟ್ಟವರ ಮೈಯ ಮೂಲಕವೇ ಕರೆಂಟ್ ಹರಿದು, ಆಮೇಲೆ ಬೀಳುತ್ತದೆ ಎಂದು ವಿವರಿಸಿದೆ. ಸದ್ಯಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಹಾಕಿ ಬೆತ್ತದ ಬುಟ್ಟಿಯ ಕವಚ ತೂಗಿಸಿಕೊಟ್ಟೆ. ಮುಂದೆ ಮನೆ ರಿಪೇರಿಗೆ ಎತ್ತಿಕೊಂಡಾಗ ಆ ಕೋಣೆಗೆ ಅರ್ಥಿನ ಹಸಿರು ವೈರು ಎಳೆಸಿದರು, ಆಮೇಲೆ ಹಿತ್ತಾಳೆಯ ಕವಚವನ್ನು ಸರಪಳಿಗೆ ಏರಿಸಿದೆವು.